ಹಿಂದಿಯಲ್ಲಿ ‘ಅದು’ ಇಲ್ಲ

ಮೊದಲೇ ಹೇಳಿಬಿಡುತ್ತೇನೆ, ಈ ಬರಹದಲ್ಲಿ ಕೋತಿ ನಾನೇ. ಕೊನೆಯವರೆಗೂ ಓದಿ ಕಂಡುಹಿಡಿಯುವ ಕಷ್ಟ ನಿಮಗೆ ಬೇಡ. ದೆಹಲಿಯ ಒಂದು ದೊಡ್ಡ ಆಸ್ಪತ್ರೆಯ ಹಿಂಬದಿಯ ಚಹಾ ಅಂಗಡಿಯಲ್ಲಿ, ನಮ್ಮ ಮೇಡಂ ಅವರ ದನಿಯನ್ನು ಅನುಕರಿಸುತ್ತಾ, ಒಂದು ಹಿಂದಿ ಕ್ರಿಯಾಪದದ ಕೊನೆಗೆ ‘ಆ’ ಬರಬೇಕಾದಲ್ಲಿ ‘ಈ’ ಅಂದುಬಿಟ್ಟೆ. ಅದರಿಂದ ಇನ್ನೂ ಹುಟ್ಟಿರದ ಒಂದು ಮಗುವಿನ ಮಿದುಳಿಗೆ ಸಂಚಕಾರ ಬಂತು. ಒಂದು ದೀರ್ಘಸ್ವರಕ್ಕೆ ಇಷ್ಟು ಶಕ್ತಿ ಇದೆಯೆಂದು ಹೈಸ್ಕೂಲಿನಲ್ಲಿ ವ್ಯಾಕರಣದ ಮೇಷ್ಟ್ರು ಹೇಳಿರಬಹುದು. ಆ ಹೊತ್ತಿನಲ್ಲಿ ನಾನು ಅವರ ನಡಿಗೆಯನ್ನು ಅಭ್ಯಾಸ ಮಾಡುತ್ತಿದ್ದೆ.

ಕಳೆದ ತಿಂಗಳು ಮೇಡಂ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಸಮೋಸಾ ಮುಗಿದು ಭಾಷಣಗಳು ಶುರುವಾಗುವ ಅಪಾಯ ಕಂಡಾಗ ಎಲ್ಲರೂ ಸೇರಿ ನನ್ನನ್ನು ವೇದಿಕೆಗೆ ತಳ್ಳಿದರು. ಮೇಡಂ ಥರ ಮಾತಾಡು, ಮೇಡಂ ಥರ ಮಾತಾಡು ಅಂತ ಒಂದೇ ಕೂಗು. ನಾನು ಯಾರ ಥರ ಬೇಕಾದರೂ ಮಾತಾಡುತ್ತೇನೆ. ಮೆಟ್ರೋದಲ್ಲಿ ಬಾಗಿಲು ಎಡಕ್ಕೆ ತೆರೆಯುತ್ತದೆ ಎನ್ನುವ ಹೆಂಗಸಾಗುತ್ತೇನೆ. ಗುರುಗ್ರಾಮದಲ್ಲಿ ನಾನಿರುವ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸ್ವಂತ ನಿವಾಸಿಗಳನ್ನೇ ಕಳ್ಳರಂತೆ ವಿಚಾರಿಸುವ ಗಾರ್ಡ್ ಆಗುತ್ತೇನೆ. ವಿಭಾಗದ ಮುಖ್ಯಸ್ಥರ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತೇನೆ. ನನ್ನ ಸ್ವಂತ ದನಿ ಯಾವುದು ಎಂದು ಅಮ್ಮ ಫೋನಿನಲ್ಲಿ ಆಗಾಗ ಕೇಳುವುದುಂಟು. ಆ ದಿನ ಮಾತ್ರ ಗಂಟಲು ಕಟ್ಟಿದೆ ಎಂದು ಹೇಳಿ ಇಳಿದುಬಿಟ್ಟೆ. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ನನ್ನ ಗಂಟಲಿನ ಬಗ್ಗೆ ತೀವ್ರ ವೈದ್ಯಕೀಯ ಸಂದೇಹವಿರುವವರ ಹಾಗೆ ಹುಬ್ಬೇರಿಸಿದರು. ಅಲ್ಲಿ ಆಗದ್ದನ್ನು ಇಲ್ಲಿ ಮಾಡುತ್ತಿದ್ದೇನೆ. ಕಾಗದಕ್ಕೆ ದನಿ ಇಲ್ಲ, ಅಪಾಯ ಕಡಿಮೆ.

ಮೇಡಂ ಚಿತ್ರದುರ್ಗದ ಕಡೆಯವರು, ಆನುವಂಶಿಕ ಕಾಯಿಲೆಗಳ ವೈದ್ಯೆ. ಎರಡು ವರ್ಷಕ್ಕೆಂದು ದೆಹಲಿಗೆ ಬಂದವರು ಕೂದಲು ಬೆಳ್ಳಗಾಗುವವರೆಗೂ ಉಳಿದರು. ಹುಟ್ಟುವಾಗಲೇ ಮೈಯಲ್ಲಿ ಬರುವ ಚಯಾಪಚಯದ ಕಾಯಿಲೆಗಳು, ಮತ್ತು ಆ ಕಾಯಿಲೆ ಇರುವ ಹೆಣ್ಣುಮಕ್ಕಳು ಬೆಳೆದು ಬಸುರಾದಾಗ ಒಳಗಿರುವ ಮಗುವಿಗೆ ಏನಾಗುತ್ತದೆ ಎನ್ನುವುದು, ಇವೆರಡೇ ಅವರ ಜನ್ಮದ ಸಂಶೋಧನೆ. ನಾನು ಅವರ ಪ್ರಯೋಗಶಾಲೆಗೆ ಸೇರಿದ ಹೊಸದರಲ್ಲಿ, ತುಮಕೂರಿನಿಂದ ಬಂದವನು ಕನ್ನಡದಲ್ಲೇ ಮೆರೆಯೋಣ ಎಂದು ‘ಚಯಾಪಚಯ’ ಎಂಬ ಪದವನ್ನು ಅವರೆದುರು ಬಿಟ್ಟೆ. “ಅದ್ಯಾವುದಪ್ಪಾ, ಕೆಮ್ಮಿನ ಔಷಧಿ ಹೆಸರಿದ್ದ ಹಾಗಿದೆ” ಅಂದರು.

ಅವರ ಪದ ‘ಅಡುಗೆಮನೆ’. ಓದಿದವರು, ಓದದವರು, ಗುರುಗ್ರಾಮದ ಕಂಪನಿಯ ಕಾರಿನಲ್ಲಿ ಬಂದವರು, ಟೆಂಪೋದಲ್ಲಿ ಬಂದವರು, ಎಲ್ಲರಿಗೂ ಒಂದೇ ವಿವರಣೆ. ಮೈಯೊಳಗೆ ಸಾವಿರಾರು ಅಡುಗೆಯವರಿದ್ದಾರೆ, ಒಬ್ಬೊಬ್ಬನಿಗೆ ಒಂದೊಂದೇ ಕೆಲಸ. ಅವರಲ್ಲೊಬ್ಬ ಹುಟ್ಟಿದಾರಭ್ಯ ರಜೆ ಹಾಕಿದ್ದಾನೆ. ಅವನು ಬೇಯಿಸಬೇಕಾದ ಸಾಮಾನು ಕಟ್ಟೆಯ ಮೇಲೆ ಬಿದ್ದು ಕೊಳೆಯುತ್ತಿದೆ. ಹೊಸ ಅಡುಗೆಯವನನ್ನು ಕರೆತರುವುದು ನಮಗಿನ್ನೂ ಸರಿಯಾಗಿ ಬರುವುದಿಲ್ಲ. ಆ ಸಾಮಾನು ಒಳಗೆ ಬರದ ಹಾಗೆ ಬಾಗಿಲು ಕಾಯುವುದು ಬರುತ್ತದೆ. ಇಷ್ಟೇ. ಕೇಳಿದವರು ತಲೆಯಾಡಿಸಿ, ಆ ಅಡುಗೆಯವ ಯಾವಾಗ ಬರ್ತಾನೆ ಎಂದು ಕೇಳುತ್ತಿದ್ದರು. ಮೇಡಂಗೂ ಅದೇ ಪ್ರಶ್ನೆ ಇತ್ತು. ಅದನ್ನೇ ಅವರು ಜರ್ನಲುಗಳಲ್ಲಿ ದೊಡ್ಡ ದೊಡ್ಡ ಶಬ್ದಗಳಲ್ಲಿ ಕೇಳುತ್ತಿದ್ದರು.

ಅವರ ಮೂಗಿನ ಬಗ್ಗೆ ಹೇಳದೆ ಮುಂದೆ ಹೋದರೆ ಪಾಪ ಬರುತ್ತದೆ. ಎಳೆಮಗುವಿನ ಒದ್ದೆ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದರು, ಬೇರೆಯವರು ಕಾಫಿ ಡಿಕಾಕ್ಷನ್ನಿಗೆ ಕಣ್ಣು ಮುಚ್ಚುವ ಹಾಗೆ. ಸೀದ ಸಕ್ಕರೆಯ ವಾಸನೆ ಬಂದರೆ ಒಂದು ಕಾಯಿಲೆ, ಬೆವರಿದ ಸಾಕ್ಸಿನ ವಾಸನೆ ಬಂದರೆ ಇನ್ನೊಂದು, ಇಲಿಬಿಲದ ವಾಸನೆ ಬಂದರೆ ಮತ್ತೊಂದು. ಯಂತ್ರ ಉತ್ತರ ಹೇಳಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತಿತ್ತು. ಮೇಡಂ ಮೂಗು ತಕ್ಷಣ ಹೇಳುತ್ತಿತ್ತು, ಯಂತ್ರ ಆಮೇಲೆ ಬಂದು ಸಹಿ ಹಾಕುತ್ತಿತ್ತು. ಮೂಗು ಕೆಡುತ್ತದೆಂದು ಕೆಲಸದ ದಿನ ಕಾಫಿಯನ್ನೂ ಕುಡಿಯುತ್ತಿರಲಿಲ್ಲ. ಚಿತ್ರದುರ್ಗದವರು ವಿಜ್ಞಾನಕ್ಕೆ ಮಾಡಿದ ಇದಕ್ಕಿಂತ ದೊಡ್ಡ ತ್ಯಾಗ ನನಗೆ ಗೊತ್ತಿಲ್ಲ. ಮೊದಲ ವಾರ ನನ್ನನ್ನೂ ಪರೀಕ್ಷಿಸಿದರು. ಬಟ್ಟೆ ಮುಂದೆ ಹಿಡಿದು, ಏನು ಬರುತ್ತೆ ಹೇಳು ಅಂದರು. ನಾನು ಆತ್ಮವಿಶ್ವಾಸದಿಂದ, ಬೆವರಿದ ಸಾಕ್ಸ್ ಮೇಡಂ, ಅಂದೆ. ಅವರು ಬಗ್ಗಿ ಒಮ್ಮೆ ಮೂಸಿ, “ಅದು ಮಗುದಲ್ಲಪ್ಪಾ, ನಿಂದು” ಅಂದರು.

ಅವರನ್ನು ನಿಜವಾಗಿ ರೇಗಿಸುತ್ತಿದ್ದ ಪ್ರಶ್ನೆ ಒಂದೇ. ಮಗುವಿನ ಕಾಯಿಲೆ ಏನೆಂದು ತಿಳಿಸಿದ ಮರುಗಳಿಗೆ ಮನೆಯವರಲ್ಲಿ ಯಾರಾದರೂ, ಸಾಮಾನ್ಯವಾಗಿ ಹಿಂದೆ ನಿಂತಿರುವ ಯಾರಾದರೂ, ಕೇಳುತ್ತಿದ್ದರು: ಕಿಸ್ಕೀ ತರಫ್ ಸೇ? ಯಾರ ಕಡೆಯಿಂದ ಬಂತು? ಕೇಳಿದವರ ಕಣ್ಣು ಆಗಲೇ ಸೊಸೆಯ ಮೇಲಿರುತ್ತಿತ್ತು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮದುವೆ ಮನೆಯ ಲೆಕ್ಕ ಹೇಳುವ ಯಜಮಾನಿಯ ಹಾಗೆ ಹೇಳುತ್ತಿದ್ದರು: ಗಂಡಿನ ಕಡೆಯವರು ಅರ್ಧ ತಂದರು, ಹೆಣ್ಣಿನ ಕಡೆಯವರು ಅರ್ಧ ತಂದರು, ನಿಮ್ಮ ಮದುವೆಯಲ್ಲಿ ಎರಡೂ ಕಡೆಯವರು ಸಮಸಮ ಹಾಕಿದ್ದು ಇದೊಂದೇ. ಗಂಡಿನ ಕಡೆಯವರು ಬೂಟಿನ ತುದಿ ನೋಡಿಕೊಳ್ಳುತ್ತಿದ್ದರು. ಸೊಸೆ ಮೊದಲ ಬಾರಿಗೆ ತಲೆ ಎತ್ತುತ್ತಿದ್ದಳು. ಆ ತಲೆ ಎತ್ತುವುದಕ್ಕಾಗಿಯೇ ಅವರು ಆ ಮಾತನ್ನು ಅಷ್ಟು ನಿಧಾನವಾಗಿ ಹೇಳುತ್ತಿದ್ದರು ಎಂದು ನನ್ನ ಗುಮಾನಿ.

ಇನ್ನು ಅವರ ಹಿಂದಿ.

ಕನ್ನಡಿಗರ ಹಿಂದಿ ಎಲ್ಲಿ ಎಡವುತ್ತದೆ ಎಂದು ದೆಹಲಿಯ ಯಾವ ತರಕಾರಿ ಭಯ್ಯಾನನ್ನು ಕೇಳಿದರೂ ಹೇಳುತ್ತಾನೆ. ಆ ಭಾಷೆಯಲ್ಲಿ ಪ್ರತಿಯೊಂದು ವಸ್ತುವೂ ಗಂಡು ಇಲ್ಲವೆ ಹೆಣ್ಣು. ಕ್ರಿಯಾಪದದ ಬಾಲದಲ್ಲಿ ಗಂಡಿಗೆ ‘ಆ’, ಹೆಣ್ಣಿಗೆ ‘ಈ’. ಮೇಡಂ ಈ ಬಾಲಗಳನ್ನು ದಾನ ಮಾಡುವವರ ಹಾಗೆ ಕೈಗೆ ಸಿಕ್ಕಿದ್ದನ್ನು ಕೈಗೆ ಸಿಕ್ಕವರಿಗೆ ಹಂಚುತ್ತಿದ್ದರು. ಬಸ್ ಆ ಗಯಾ. ಪಾನೀ ಗರಮ್ ಹೋ ಗಯೀ. ಭಯ್ಯಾ, ಭಿಂಡಿ ಕೈಸಾ ಹೈ? ಅವರ ಬಾಯಲ್ಲಿ ಬೆಂಡೆಕಾಯಿಗೆ ಮೀಸೆ ಬಂದಿತ್ತು, ನೀರಿಗೆ ಬಳೆ ಬಂದಿತ್ತು. ನಾನು ಇದನ್ನು ಅನುಕರಿಸಿದರೆ ನನ್ನ ಕನ್ನಡಿಗ ರೂಂಮೇಟುಗಳು ಸೋಫಾದಿಂದ ಕೆಳಗೆ ಬೀಳುತ್ತಿದ್ದರು. ಅವರ ಹಿಂದಿಯೂ ಅಷ್ಟೇ ಎನ್ನುವುದು ಬೇರೆ ಮಾತು, ನನ್ನದೂ.

ಒಮ್ಮೆ ಯಾರೂ ಇಲ್ಲದಾಗ ಮೇಡಂ ಈ ವಿಷಯ ತಾವಾಗೇ ತೆಗೆದರು. “ನಮ್ಮಲ್ಲಿ ಮಗು ಅಳ್ತಾ ಇದೆ ಅಂತೀವಿ, ಮಗು ನಗ್ತಾ ಇದೆ ಅಂತೀವಿ. ಹುಟ್ಟಿ ಓಡಾಡಿದ್ರೂ ಅದು ‘ಅದು’. ಹಿಂದಿಯಲ್ಲಿ ‘ಅದು’ ಇಲ್ಲ ನೋಡು ಮರಿ. ಹೊಟ್ಟೆಯಲ್ಲಿರೋದನ್ನೂ ಬಿಡಲ್ಲ, ಅವನೋ ಅವಳೋ ಮಾಡಿಬಿಡ್ತಾರೆ.”

ಇದು ಬರೀ ವ್ಯಾಕರಣದ ದೂರಾಗಿರಲಿಲ್ಲ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಹೇಳುವುದು ಅಪರಾಧ ಎಂಬ ಫಲಕ ನಮ್ಮ ಕ್ಲಿನಿಕ್ಕಿನ ಗೋಡೆಯ ಮೇಲಿತ್ತು. ಅದರ ಕೆಳಗೇ ಕೂತ ಮನೆಯವರು ವೈದ್ಯರ ಬಾಯನ್ನೇ ನೋಡುತ್ತಿದ್ದರು. ಡಾಕ್ಟರು ಹೇಳುವುದಿಲ್ಲ, ಆದರೆ ಡಾಕ್ಟರ ಕ್ರಿಯಾಪದ ಹೇಳಬಹುದಲ್ಲ. ಅದಕ್ಕೇ ಮೇಡಂ ಜಗತ್ತಿನ ಬೇರೆಲ್ಲ ವಸ್ತುಗಳ ಲಿಂಗವನ್ನು ದೇವರಿಗೆ ಬಿಟ್ಟು, ಗರ್ಭದ ಮಗುವಿಗೆ ಮಾತ್ರ ಒಂದು ಭದ್ರವಾದ ಶಬ್ದ ಇಟ್ಟುಕೊಂಡಿದ್ದರು: ಮೆಹಮಾನ್. ಅತಿಥಿ. ಅತಿಥಿಗೆ ಗೌರವದ ಬಹುವಚನ. ಮೆಹಮಾನ್ ಠೀಕ್ ಹೈಂ. ಮೆಹಮಾನ್ ಹಾಥ್ ಪೈರ್ ಹಿಲಾ ರಹೇ ಹೈಂ, ಅತಿಥಿಗಳು ಕೈಕಾಲು ಆಡಿಸುತ್ತಿದ್ದಾರೆ. ಹೊಟ್ಟೆಯಲ್ಲಿ ಮೂರು ತಿಂಗಳಿದ್ದಾಗಲೇ ಜಿಲ್ಲಾಧಿಕಾರಿಯ ಮರ್ಯಾದೆ. ಕ್ಲಿನಿಕ್ಕಿನಲ್ಲಿ ಎಷ್ಟೇ ಗಡಿಬಿಡಿಯಿದ್ದರೂ ಆ ಶಬ್ದ ತಪ್ಪಿದ್ದನ್ನು ನಾನು ಕೇಳಿಲ್ಲ.

ಕೇಳಿಲ್ಲದ್ದನ್ನೂ ಅನುಕರಿಸುವವನೇ ದೊಡ್ಡ ಕಲಾವಿದ ಎಂದು ನನ್ನ ಅಭಿಪ್ರಾಯವಾಗಿತ್ತು.

ಈಗ ರೇಣು. ಈಕೆ ಮೇಡಂ ದೆಹಲಿಗೆ ಬಂದ ಹೊಸದರಲ್ಲಿ ಅವರ ಕೈಗೆ ಬಂದ ಕೂಸು. ಹುಟ್ಟಿದ ಕೆಲವೇ ದಿನಗಳಲ್ಲಿ ಕಾಯಿಲೆ ಗೊತ್ತಾಯಿತು. ಹಾಲು, ಬೇಳೆ, ಮೊಟ್ಟೆ, ಪನ್ನೀರು, ಹೀಗೆ ಪ್ರೋಟೀನು ಇರುವುದರಲ್ಲೆಲ್ಲ ಇರುವ ಒಂದು ಅಂಶವನ್ನು ಬೇಯಿಸುವ ಅಡುಗೆಯವ ಅವಳಲ್ಲಿ ಇಲ್ಲ. ಬೇಯದೆ ಉಳಿದದ್ದು ರಕ್ತದಲ್ಲಿ ಏರಿ ಮಿದುಳನ್ನು ಕೆಡಿಸುತ್ತದೆ. ಎಳೆಯ ಮಿದುಳು ಒಮ್ಮೆ ಕೆಟ್ಟರೆ ಮತ್ತೆ ಸರಿಯಾಗುವುದಿಲ್ಲ. ಮೇಡಂ ಅವಳ ಹಾಲು ನಿಲ್ಲಿಸಿದರು. ಬದಲಿಗೆ ಆ ಅಂಶ ತೆಗೆದ, ಬಾಯಿಗಿಟ್ಟರೆ ಮುಖ ಕಿವುಚುವ ಒಂದು ಪುಡಿ. ಅದರ ಮೇಲೆ, ತಕ್ಕಡಿಯಲ್ಲಿ ತೂಗಿದ ಅನ್ನದ ಮೇಲೆ, ಹಣ್ಣು ತರಕಾರಿಯ ಮೇಲೆ ಆ ಹುಡುಗಿ ಬೆಳೆದಳು. ಬಿ.ಎಡ್. ಮಾಡಿದಳು. ಫರೀದಾಬಾದಿನ ಒಂದು ಶಾಲೆಯಲ್ಲಿ ಟೀಚರಾದಳು. ಅಲ್ಲಿಯದೇ ಎಂಜಿನಿಯರಿಂಗ್ ಕಾರ್ಖಾನೆಯ ಒಬ್ಬ ಹುಡುಗನನ್ನು ಮದುವೆಯಾದಳು.

ಮದುವೆಗೆ ಮುಂಚೆ ಮೇಡಂ ತಾವೇ ಹೋಗಿ ಅತ್ತೆಮನೆಯವರಿಗೆ ಅವಳ ಪಥ್ಯ ವಿವರಿಸಿ ಬಂದಿದ್ದರು. ಬಸುರಾದಾಗ ಪಥ್ಯ ಇನ್ನೂ ಬಿಗಿ ಎಂದೂ ಹೇಳಿದ್ದರು. ಮಗುವಿಗೆ ಕಾಯಿಲೆ ಬರದೇ ಇರಬಹುದು. ಆದರೆ ತಾಯಿಯ ರಕ್ತದಲ್ಲಿ ಆ ಅಂಶ ಏರಿದರೆ ಕರುಳಬಳ್ಳಿಯಲ್ಲಿ ಇಳಿದು ಮಗುವಿನ ಮಿದುಳನ್ನು, ಹೃದಯವನ್ನು ಒಳಗೇ ಕೆಡಿಸುತ್ತದೆ. ಹರಿಯಾಣದಲ್ಲಿ ಹಾಲು ಬೇಡ ಎನ್ನುವುದು ಚಿತ್ರದುರ್ಗದಲ್ಲಿ ಮುದ್ದೆ ಬೇಡ ಎಂದ ಹಾಗೆ. ಅದರಲ್ಲೂ ಆ ಅತ್ತೆ, ಸುತ್ತ ಹೊಸ ಬಡಾವಣೆಯ ಸೆಕ್ಟರುಗಳೆದ್ದು ನಡುವೆ ಉಳಿದುಕೊಂಡ ಹಳೆಯ ಊರಿನಲ್ಲಿ, ಮನೆ ಹಿಂದೆ ಈಗಲೂ ಎಮ್ಮೆ ಕಟ್ಟಿದ್ದವರು. ಆದರೂ ಒಪ್ಪಿಕೊಂಡರು.

ರೇಣು ಬಸುರಾದ ಮೇಲೆ ಪ್ರತಿ ಸೋಮವಾರ ಅತ್ತೆಯೊಂದಿಗೆ ಮೆಟ್ರೋದಲ್ಲಿ ಬರುತ್ತಿದ್ದಳು. ಬೆರಳ ತುದಿ ಚುಚ್ಚಿ ಒಂದು ದಪ್ಪ ಕಾಗದದ ಮೇಲೆ ರಕ್ತದ ಚುಕ್ಕೆ ಹಾಕಿಸುತ್ತಿದ್ದಳು. ಆ ಚುಕ್ಕೆಯನ್ನು ಯಂತ್ರಕ್ಕೆ ಹಾಕುವವನು ನಾನು. ಅಂಕಿ ಬರುವವರೆಗೆ ನನ್ನ ಬೆನ್ನ ಹಿಂದೆ ನಿಂತು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುವವರು ಮೇಡಂ. ಜಗತ್ತಿನ ಎಷ್ಟೋ ಬಸುರಿಯರ ಬಗ್ಗೆ ಅವರು ಬರೆದಿದ್ದರು. ಇದು ಹಾಗಲ್ಲ, ಸಾಕಿದ ಮಗಳಂಥವಳು ಬಸುರಾದದ್ದು.

ನಾಲ್ಕನೇ ತಿಂಗಳ ಒಂದು ಸೋಮವಾರ ಅಂಕಿ ಎಷ್ಟು ಚೆನ್ನಾಗಿ ಬಂತೆಂದರೆ ಮೇಡಂ ಕಾರಿಡಾರಿನಲ್ಲಿ ಗುನುಗಿದರು. ಪ್ರಯೋಗಶಾಲೆಯಲ್ಲಿ ಇದೊಂದು ಭೂಕಂಪ. ಚಹಾ ಅಂಗಡಿಯಲ್ಲಿ ಇಬ್ಬರು ಟೆಕ್ನಿಷಿಯನ್ನರು, ಏನು ಭಾಯ್, ಮೇಡಂ ಇವತ್ತು ಹಾಡ್ತಾ ಇದ್ರಂತೆ ಎಂದು ಕೀಲಿ ಕೊಟ್ಟರು. ನಾನು ಸೆರಗು ಇಲ್ಲದ್ದಕ್ಕೆ ಕರವಸ್ತ್ರವನ್ನು ಹೆಗಲಿಗೆ ಹಾಕಿ, ಕನ್ನಡಕ ಮೂಗಿನ ತುದಿಗಿಳಿಸಿ, ಅವರ ದನಿಯಲ್ಲಿ ಹೇಳಿದೆ: “ಅರೇ, ರೇಣು ಕಾ ಬಚ್ಚಾ ಏಕ್‌ದಮ್ ಠೀಕ್ ಹೈ. ಕಿತ್ನೀ ಅಚ್ಛೀ ಬಢ್ ರಹೀ ಹೈ.” ರೇಣುವಿನ ಮಗು ಎಷ್ಟು ಚೆನ್ನಾಗಿ ಬೆಳೆಯುತ್ತಿದ್ದಾಳೆ. ಮೇಡಂ ಎಂದೂ ಆಡದ, ಆಡದಿರಲು ವರ್ಷಗಟ್ಟಲೆ ನಾಲಿಗೆ ಪಳಗಿಸಿಕೊಂಡಿದ್ದ ತಪ್ಪನ್ನು, ರೋಗಿಯ ಹೆಸರು ಸಮೇತ, ಬಯಲಿನಲ್ಲಿ. ಚಪ್ಪಾಳೆ ಬಿತ್ತು. ಅಂಗಡಿಯ ತಗಡಿನ ಆಚೆ ಬದಿಯಲ್ಲಿ ಬಿಸಿನೀರಿಗಾಗಿ ಕಾಯುತ್ತಾ ರೇಣುವಿನ ಅತ್ತೆ ನಿಂತಿದ್ದರು. ಅದು ನನಗೆ ಆಗ ಗೊತ್ತಾಗಲಿಲ್ಲ. ನಾನು ಚಪ್ಪಾಳೆಗೆ ಬಗ್ಗಿ ನಮಸ್ಕರಿಸುತ್ತಿದ್ದೆ.

ಮುಂದಿನ ಸೋಮವಾರ ಅಂಕಿ ಏರಿತ್ತು. ಅದರ ಮುಂದಿನ ವಾರ ಇನ್ನೂ ಮೇಲೆ. ರೇಣು ಅಳುತ್ತಾ, ಹೇಳಿದ್ದು ಬಿಟ್ಟು ಬೇರೇನೂ ಬಾಯಿಗೆ ಹಾಕಿಲ್ಲ ಎಂದು ಆಣೆ ಮಾಡಿದಳು. ಮೇಡಂ ಮೊದಲು ಯಂತ್ರವನ್ನು ಅನುಮಾನಿಸಿದರು, ಆಮೇಲೆ ನನ್ನನ್ನು. ನನ್ನ ಕೈಯಿಂದ ಮಾದರಿ ಕಿತ್ತುಕೊಂಡು ತಾವೇ ಮತ್ತೆ ಹಾಕಿದರು. ಅಂಕಿ ಅದೇ. ತಪ್ಪು ನನ್ನದೇ ಎಂಬ ಅವರ ಊಹೆ ಸರಿಯಾಗಿತ್ತು; ಯಾವ ತಪ್ಪು ಎನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ.

ಮೂರನೇ ಸೋಮವಾರ ಅತ್ತೆ ಸೊಸೆ ಬರಲೇ ಇಲ್ಲ. ಫೋನು ಮಾಡಿದರೆ ಅತ್ತೆ ಎತ್ತಿಕೊಂಡು, ನಿಮ್ಮ ಇಲಾಜು ನಮಗೆ ಅರ್ಥವಾಯಿತು ಡಾಕ್ಟರ್‌ನೀಜಿ, ಹಾಲು ಯಾಕೆ ಬೇಡ ಅಂತೀರಿ ಅಂತಲೂ ಅರ್ಥವಾಯಿತು ಎಂದು ಹೇಳಿ ಇಟ್ಟುಬಿಟ್ಟರು. ಮೇಡಂ ಫೋನನ್ನು ಸ್ವಲ್ಪ ಹೊತ್ತು ಮೂಸುವವರ ಹಾಗೆ ನೋಡಿದರು. “ಭಾನುವಾರ ಏನು ಕೆಲಸ ನಿಂಗೆ?” ಅಂದರು. ಕನ್ನಡದಲ್ಲಿ ಇದು ಪ್ರಶ್ನೆಯಲ್ಲ.

ಕ್ಯಾಬಿನಲ್ಲಿ ಫರೀದಾಬಾದಿನ ದಾರಿ ಹಿಡಿದಾಗ ಅವರು ನನಗೆ ಒಂದು ಹಳೆಯ ಕತೆ ಹೇಳಿದರು. ದೆಹಲಿಗೆ ಬಂದ ಹೊಸದರಲ್ಲಿ ಒಬ್ಬ ಬಸುರಿಯ ಪರೀಕ್ಷೆಯ ರಿಪೋರ್ಟು ಬಂತಂತೆ. ಭಯಪಟ್ಟಿದ್ದ ಕಾಯಿಲೆ ಇರಲಿಲ್ಲ. ಖುಷಿಯಲ್ಲಿ ಮೇಡಂ, ಅಚ್ಛೀ ಹೈ, ಬಹುತ್ ಅಚ್ಛೀ ಹೈ ಅಂದರಂತೆ. ಹಿಂದಿಯಲ್ಲಿ ‘ರಿಪೋರ್ಟ್’ ಹೆಣ್ಣು. ಅಪರೂಪಕ್ಕೊಮ್ಮೆ ಮೇಡಂ ವ್ಯಾಕರಣಶುದ್ಧವಾಗಿ ಮಾತಾಡಿದ್ದರು. ಮನೆಯವರು ಅದನ್ನು ರಿಪೋರ್ಟಿನ ಬಗ್ಗೆ ಎಂದು ಕೇಳಿಸಿಕೊಳ್ಳಲಿಲ್ಲ, ಮಗುವಿನ ಬಗ್ಗೆ ಎಂದುಕೊಂಡರು. ಕೆಲವು ತಿಂಗಳ ಮೇಲೆ ಆ ಹೆಂಗಸು ಬೇರೆ ಯಾವುದಕ್ಕೋ ಆಸ್ಪತ್ರೆಗೆ ಬಂದಿದ್ದಳಂತೆ, ಹೊಟ್ಟೆಯೂ ಬರಿದು, ಕಂಕುಳೂ ಬರಿದು. ‘ಮೆಹಮಾನ್’ ಹುಟ್ಟಿದ್ದು ಅದರ ಮಾರನೇ ದಿನ.

“ಈಗ ರೇಣು ಮನೆಯವರು ನಾನು ಹೇಳಿದ್ದನ್ನ ಏನೋ ಅಪಾರ್ಥ ಮಾಡ್ಕೊಂಡಿದಾರೆ ಅನ್ಸುತ್ತೆ” ಅಂದರು ಮೇಡಂ, ಕಿಟಕಿಯ ಹೊರಗೆ ನೋಡುತ್ತಾ. “ಏನು ಅಂದೆ ಅಂತ ಎಷ್ಟು ಯೋಚಿಸಿದ್ರೂ ಹೊಳೀತಿಲ್ಲ.”

ನನಗೆ ಹೊಳೆಯಿತು. ಎ.ಸಿ. ಕ್ಯಾಬಿನಲ್ಲಿ ಅಂಗಿ ಬೆನ್ನಿಗೆ ಅಂಟಿತು. ದಿನವಿಡೀ ಹತ್ತು ಜನರ ದನಿಯಲ್ಲಿ ವಟಗುಟ್ಟುವವನಿಗೆ ಬೇಕಾದ ಹೊತ್ತಿನಲ್ಲಿ ಒಂದೂ ದನಿ ಒದಗಲಿಲ್ಲ.

ಅತ್ತೆ ನಮ್ಮನ್ನು ಬಾಗಿಲಲ್ಲಿ ತಡೆಯಲಿಲ್ಲ. ಜಗಳವಿದ್ದರೂ ಬಂದವರು ಬಂದವರೇ. ಉದ್ದನೆಯ ಸ್ಟೀಲ್ ಲೋಟಗಳಲ್ಲಿ ಲಸ್ಸಿ ಬಂತು. ಹೆದರಿಕೆಗೆ ನಾನು ಒಂದನ್ನು ಒಂದೇ ಉಸಿರಿಗೆ ಮುಗಿಸಿದ್ದನ್ನು ಹಸಿವೆಂದು ತಿಳಿದು ಇನ್ನೊಂದು ತಂದರು. ಗಂಡ ಕಾರ್ಖಾನೆಯ ಪಾಳಿಗೆ ಹೋಗಿದ್ದ. ರೇಣು ಮಂಚದ ತುದಿಯಲ್ಲಿ ಕೂತು ಬಟ್ಟಲಿನಿಂದ ಸಬ್ಬಕ್ಕಿ ಪಾಯಸ ತಿನ್ನುತ್ತಿದ್ದಳು. ನೀರಿನಲ್ಲಿ ಬೇಯಿಸಿ ಸಕ್ಕರೆ ಏಲಕ್ಕಿ ಹಾಕುವ ಆ ಪಾಯಸ ಮೇಡಂ ಹೇಳಿಕೊಟ್ಟದ್ದೇ. ಸಬ್ಬಕ್ಕಿಯಲ್ಲಿ ಅವಳಿಗಾಗದ ಅಂಶ ಇಲ್ಲವೆನ್ನುವಷ್ಟು ಕಡಿಮೆ.

ಮೇಡಂ ಅವಳ ಕೈಯಿಂದ ಬಟ್ಟಲು ತೆಗೆದುಕೊಂಡರು. ಚಮಚವನ್ನು ಮೂಗಿನ ಹತ್ತಿರ ಹಿಡಿದರು. ಕಣ್ಣು ಮುಚ್ಚಿದರು.

“ಇದರಲ್ಲಿ ಹಾಲಿದೆ.”

ರೇಣು ಬಗ್ಗಿ ಬಟ್ಟಲನ್ನು ಮತ್ತೆ ನೋಡಿದಳು. ಪಾಯಸ ಈಚೆಗೆ ರುಚಿಯಾಗಿದೆ, ಸಬ್ಬಕ್ಕಿ ಬೇರೆ ಅಂಗಡಿಯದ್ದಿರಬೇಕು ಎಂದುಕೊಂಡಿದ್ದಳಂತೆ. ಜನ್ಮದಲ್ಲಿ ಹಾಲು ಕುಡಿಯದವಳು ಹಾಲನ್ನು ಹಿಡಿದುಹಾಕುವುದಾದರೂ ಹೇಗೆ?

ಅತ್ತೆ ಅಲ್ಲಗಳೆಯಲಿಲ್ಲ. ಹೌದು, ಕಾಯಿಸಿ ಗಟ್ಟಿ ಮಾಡಿ ಹಾಕಿದ್ದೇನೆ, ಇವಳ ಪಥ್ಯದ ರೊಟ್ಟಿ ಹಿಟ್ಟನ್ನೂ ಹಾಲಲ್ಲೇ ಕಲಸಿದ್ದೇನೆ ಎಂದರು. ಆಮೇಲೆ ಅವರ ಹರಿಯಾಣವಿ ಮಿಶ್ರಿತ ಹಿಂದಿಯಲ್ಲಿ, ದನಿ ಏರಿಸದೆ ಹೇಳ ಹೊರಟರು. ನಾವು ಮೂವರು ಅಕ್ಕತಂಗಿಯರು, ಇಬ್ಬರು ಅಣ್ಣಂದಿರು. ಮನೆ ತುಂಬ ಎಮ್ಮೆ. ಹಾಲು ಅಣ್ಣಂದಿರಿಗೆ, ಹುಡುಗಿಯರಿಗೆ ಹಾಲಿನ ಪಾತ್ರೆ ತೊಳೆಯುವ ಕೆಲಸ. ಬೆರಳಲ್ಲಿ ತಳ ಕೆರೆದು ನೆಕ್ಕಿದರೆ ಅಜ್ಜಿ ಕೈಮೇಲೆ ಹೊಡೆಯುತ್ತಿದ್ದಳು. ನನ್ನ ಮನೆಗೆ ಹೆಣ್ಣು ಬಂದರೆ ಎಮ್ಮೆಯ ಮೊದಲ ಲೋಟ ಅವಳದು ಎಂದು ಅಂದೇ ಅಂದುಕೊಂಡಿದ್ದೆ. ಬಂದವು ಎರಡೂ ಗಂಡು. ಈಗ ಸೊಸೆಯ ಹೊಟ್ಟೆಯಲ್ಲಿ ಹೆಣ್ಣು ಬಂದಿದೆ. ನೀವು ಹೆಣ್ಣು ಅಂತೀರಿ, ಅದೇ ಬಾಯಲ್ಲಿ ಹಾಲು ಕೊಡಬೇಡಿ ಅಂತೀರಿ. ನನ್ನಜ್ಜಿ ಓದಿರಲಿಲ್ಲ. ನೀವು ಓದಿದ್ದೀರಿ, ಡಾಕ್ಟರ್‌ನೀಜಿ.

ಮೇಡಂ ಇಷ್ಟು ಹೊತ್ತಿಗೆ ಬಯ್ಯಲು ಎತ್ತಿದ್ದ ಬೆರಳನ್ನು ಮಡಿಸಿಕೊಂಡಿದ್ದರು. ಹೆಣ್ಣು ಅಂತ ಯಾರು ಹೇಳಿದರು ಎಂದು ಮೆಲ್ಲಗೆ ಕೇಳಿದರು.

“ನೀವೇ. ಚಹಾ ಅಂಗಡಿಯಲ್ಲಿ. ನನ್ನ ಕಿವಿಯಾರೆ ಕೇಳಿದೆ.”

ಮೇಡಂ ಚಹಾ ಅಂಗಡಿಗೆ ಹೋಗುವವರಲ್ಲ. ಅವರು ನಿಧಾನಕ್ಕೆ ನನ್ನ ಕಡೆ ತಿರುಗಿದರು. ಎರಡನೇ ಲೋಟದ ಹಿಂದೆ ನನ್ನ ಮುಖದ ಅರ್ಧ ಮಾತ್ರ ಅಡಗಿತ್ತು.

“ಮಾಡಪ್ಪಾ” ಅಂದರು ಕನ್ನಡದಲ್ಲಿ.

ನಾನು ಅರ್ಥವಾಗದವನ ಹಾಗೆ ನಟಿಸಿದೆ, ನಟನೆ ಒಪ್ಪಲಿಲ್ಲ.

“ನನ್ನ ಮಾಡು. ಅವರಿಗೆ ಕೇಳಿಸೋ ಹಾಗೆ.”

ಹೀಗೆ ನಾನು ಮೇಡಂ ಎದುರಿಗೇ ಮೇಡಂ ಆದೆ. ಬಾಯಲ್ಲಿ ಲಸ್ಸಿಯ ಮೀಸೆ, ಕೈಯಲ್ಲಿ ಲೋಟ. ಅದೇ ಮಾತು, ಅದೇ ‘ಈ’. ಅತ್ತೆ ಕಣ್ಣು ಕಿರಿದು ಮಾಡಿ ಒಮ್ಮೆ ನನ್ನನ್ನು, ಒಮ್ಮೆ ಮೇಡಂ ಅವರನ್ನು ನೋಡಿದರು. ಮತ್ತೆ ಮಾಡು ಬೇಟಾ ಅಂದರು. ಕಣ್ಣು ಮುಚ್ಚಿಕೊಂಡು ಕೇಳಿದರು. ಅಳುವ ಮುಖದಲ್ಲೇ ರೇಣುವಿಗೆ ನಗು ಉಕ್ಕಿತು. ಮೇಡಂ ಮಾತ್ರ, “ನಿಜವಾಗ್ಲೂ ಇಷ್ಟು ಕೀರಲೇನೋ ನಾನು?” ಎಂದು ಕನ್ನಡದಲ್ಲಿ ಕೇಳಿದರು. ನನ್ನ ಉತ್ತರಕ್ಕೆ ಕಾಯಲಿಲ್ಲ, ಪುಣ್ಯ.

ಆಮೇಲೆ ಅತ್ತೆಯ ಪಕ್ಕದಲ್ಲೇ ಮಂಚದ ಮೇಲೆ ಕೂತು ಅವರು ಸಮಾಧಾನವಾಗಿ ಹೇಳಿದರು. ಮೆಹಮಾನ್ ಯಾರೆಂದು ನನಗೂ ಗೊತ್ತಿಲ್ಲ. ಗೊತ್ತಿದ್ದರೂ ಹೇಳುವ ಹಾಗಿಲ್ಲ. ಗಂಡಾದರೂ ಇದೇ ಪಥ್ಯ, ಹೆಣ್ಣಾದರೂ ಇದೇ. ನಿಮ್ಮ ಎಮ್ಮೆಯ ಮೇಲೆ ನನಗೆ ದ್ವೇಷವಿಲ್ಲ. ತುಪ್ಪ ಕೊಡಿ, ಬೇಕಾದಷ್ಟು ಕೊಡಿ, ಕಾಯಿಸಿ ಸೋಸಿದ ತುಪ್ಪದಲ್ಲಿ ಆ ಅಂಶ ಉಳಿಯುವುದಿಲ್ಲ. ಮೆಹಮಾನ್ ಹೊರಗೆ ಬಂದ ಮೇಲೆ ರಕ್ತ ನೋಡೋಣ. ಸರಿಯಿದ್ದರೆ ದೊಡ್ಡದಾಗುತ್ತಾ ಎಮ್ಮೆಯನ್ನೇ ಕುಡಿಯಲಿ. ಆದರೆ ಇವಳ ಬಾಯಿಗೆ ಇನ್ನು ಒಂದು ಹನಿ ಹಾಲು ಹೋದರೂ ಒಳಗಿನ ಮಗುವಿನ ತಲೆ ಬೆಳೆಯುವುದು ಕಷ್ಟ. ಈ ಎಲ್ಲ ಮಾತಿನಲ್ಲಿ ತುಪ್ಪ ಹೆಣ್ಣಾಯಿತು, ಎಮ್ಮೆ ಗಂಡಾಯಿತು. ಯಾರೂ ನಗಲಿಲ್ಲ.

ತುಪ್ಪದ ಮಾತಿಗೆ ಅತ್ತೆ ಸ್ವಲ್ಪ ಸಡಿಲಾದರು. ಪೂರ್ತಿ ಅಲ್ಲ. ಮಾತಾಡಿದ್ದು ಈ ಹುಡುಗ ಎನ್ನುವುದನ್ನು ಒಪ್ಪಿದೆ, ಅಂದರು. ಆದರೆ ಹಾಲು ವಿಷ ಎನ್ನುವುದನ್ನು ಹೇಗೆ ಒಪ್ಪಲಿ? ಗಂಡಾದರೂ ಇದೇ ಪಥ್ಯ ಅಂತ ಯಾರು ಬೇಕಾದರೂ ಹೇಳಬಹುದು. ಹಾಲು ಕುಡಿದು ಕೆಟ್ಟ ಒಂದು ಮಗುವನ್ನು ಈ ಮುದುಕಿಗೆ ತೋರಿಸಿ, ಒಂದೇ ಒಂದು. ಇವಳ ತವರನ್ನೇ ನೋಡಿ. ಒಬ್ಬ ಅಣ್ಣ ಇದ್ದಾನೆ, ಕೂಸಾಗಿದ್ದಾಗ ಜ್ವರ ತಲೆಗೇರಿತಂತೆ. ಇಷ್ಟು ದೊಡ್ಡವನಾದರೂ ಮಾತಿಲ್ಲ, ಇವತ್ತಿಗೂ ತಾಯಿಯೇ ತುತ್ತು ಬಾಯಿಗಿಡಬೇಕು. ಆ ಮನೆಗೆ ಉಳಿದ ದೀಪ ಇವಳೊಬ್ಬಳು. ಇವಳ ಮಗುವನ್ನೂ ಉಪವಾಸ ಕೆಡವಿ ನಾಳೆ ನಾನು ಯಾರಿಗೆ ಮುಖ ತೋರಿಸಲಿ?

ಮೇಡಂ ಬಾಯಿ ತೆರೆದರು. ಮುಚ್ಚಿದರು.

ಉತ್ತರ ಗೊತ್ತಿಲ್ಲದವರ ಮೌನ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಪರೀಕ್ಷೆಗಳಲ್ಲಿ ಅದನ್ನು ಬಹಳ ಅಭ್ಯಾಸ ಮಾಡಿದ್ದೇನೆ. ಇದು ಅದಲ್ಲ. ಇದು ಉತ್ತರ ನಾಲಿಗೆಯ ತುದಿಗೆ ಬಂದು, ಆಡುವ ಹಕ್ಕು ತನ್ನದಲ್ಲವೆಂದು ಅದನ್ನು ಮತ್ತೆ ನುಂಗಿದವರ ಮೌನ. ಒಂದು ಮಾತು ಆಡಿದ್ದರೆ ಗೆದ್ದುಬಿಡುತ್ತಿದ್ದರೇನೋ. ಅವರು ರೇಣುವಿನ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರನ್ನು, ಅದರಲ್ಲಿ ಏನೋ ಬಹಳ ಮುಖ್ಯವಾದದ್ದು ಅಚ್ಚಾಗಿದೆ ಎನ್ನುವ ಹಾಗೆ ನೋಡುತ್ತಾ ಕೂತರು. ಹಿಂದೆ ಎಮ್ಮೆ ಸರಪಳಿ ಎಳೆದ ಸದ್ದು ಕೇಳಿಸಿತು.

ರೇಣು ಮೇಡಂ ಕೈಯಲ್ಲಿದ್ದ ಪಾಯಸದ ಬಟ್ಟಲನ್ನು ತೆಗೆದುಕೊಂಡು ಮಂಚದ ಕೆಳಗಿಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವಾಗ ಬಹುಶಃ ಇರುತ್ತಿದ್ದ ದನಿಯಲ್ಲಿ, ಒಂದೊಂದು ಪದವನ್ನೂ ಬಿಡಿಸಿ ಹೇಳಿದಳು:

“ನಮ್ಮ ಮನೆಯಲ್ಲೂ ಹಾಲು ಮಗನಿಗೇ ಕೊಟ್ಟರು, ಮಮ್ಮಿಜೀ. ಭಯ್ಯಾಗೆ ಯಾವ ಜ್ವರವೂ ಬಂದಿರಲಿಲ್ಲ.”